ಕೇಸಿದ್ದವನಿಗೂ ಪಟಾಕಿ, ಜೈಕಾರ: ಲೀಗಿನವರಿಗೆ ಶಿಸ್ತು ಬೇಡವೇ?

ಮಾನ್ಯರೇ,

ಹೆಣ್ಣುಮಗಳೊಬ್ಬಳು ಕೊಟ್ಟ ದೂರಿನಲ್ಲಿ ಚಾರ್ಜ್‌ಶೀಟ್ ಆಗಿರುವ ಕ್ರಿಕೆಟ್ ಆಟಗಾರನನ್ನು ಭಾನುವಾರದ ಲೀಗ್ ಪಂದ್ಯದಲ್ಲಿ ಆಡಿಸಿದ ಸುದ್ದಿ ಓದಿದೆ. ‘ಕೋರ್ಟ್ ತೀರ್ಪು ಬರಲಿ, ಆಮೇಲೆ ನೋಡೋಣ’ ಎಂದು ಲೀಗಿನವರು ಕೈತೊಳೆದುಕೊಂಡಿದ್ದಾರೆ. ಮೈಯೆಲ್ಲ ಉರಿಯಿತು.

ಮಗಳನ್ನು ಕರೆದುಕೊಂಡು ಆ ಪಂದ್ಯಕ್ಕೆ ನಾನೂ ಹೋಗಿದ್ದೆ. ಮೈದಾನದ ರಸ್ತೆಗೆ ಬೆಳಿಗ್ಗೆಯಿಂದಲೇ ಬ್ಯಾರಿಕೇಡ್. ಆಟೋದವರು ಸರ್ಕಲ್‌ನಲ್ಲೇ ಇಳಿಸಿದರು. ಗೇಟಿನಲ್ಲಿ ನೀರಿನ ಬಾಟಲಿ ಕಿತ್ತುಕೊಂಡರು, ಒಳಗೆ ಅದೇ ನೀರಿಗೆ ಡಬಲ್ ರೇಟು. ಇಷ್ಟೆಲ್ಲ ಸಹಿಸಿ ಕೂತರೆ, ದೊಡ್ಡ ಪರದೆಯ ತುಂಬ ಆತನ ಮುಖ, ಪಟಾಕಿ, ಮೈಕಿನಲ್ಲಿ ಹೆಸರು ಹಿಡಿದು ಕೂಗು. ‘ಅಪ್ಪಾ, ಇವರ ಮೇಲೆ ಕೇಸ್ ಇದೆ ಅಲ್ವಾ?’ ಎಂದಳು ಮಗಳು. ಏನು ಹೇಳಲಿ?

ತಪ್ಪು ಮಾಡಿದ್ದಾನೋ ಇಲ್ಲವೋ ಕೋರ್ಟೇ ಹೇಳಲಿ, ತಕರಾರಿಲ್ಲ. ಆದರೆ ಕೋರ್ಟಿನ ಕೇಸ್ ಬೇರೆ, ನಮ್ಮ ಶಿಸ್ತು ಬೇರೆ ಎಂದು ಸುಪ್ರೀಂ ಕೋರ್ಟ್‌ವರೆಗೂ ವಾದಿಸಿದ್ದು ದೇಶದ ಕ್ರಿಕೆಟ್ ಮಂಡಳಿ ಬಿಸಿಸಿಐ ತಾನೇ? 2013ರ ಮೇ ತಿಂಗಳಲ್ಲಿ ಫಿಕ್ಸಿಂಗ್, ಅಂದರೆ ದುಡ್ಡಿಗೆ ಆಟ ಕೆಡಿಸಿದ ಆರೋಪದಲ್ಲಿ ಕ್ರಿಕೆಟಿಗ ಶ್ರೀಶಾಂತ್ ಬಂಧನವಾಯಿತು. ಸೆಪ್ಟೆಂಬರ್‌ಗೆಲ್ಲ ಆಜೀವ ನಿಷೇಧ. 2015ರಲ್ಲಿ ದೆಹಲಿ ಕೋರ್ಟ್ ಅವರನ್ನು ಕೇಸಿನಿಂದ ಬಿಟ್ಟರೂ ಮಂಡಳಿ ಜಗ್ಗಲಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎಷ್ಟು ಶಿಕ್ಷೆ ಎಂದು ಮತ್ತೆ ಯೋಚಿಸಿ ಎಂದಿತೇ ಹೊರತು ಶಿಸ್ತು ಕ್ರಮವೇ ಕೂಡದು ಎನ್ನಲಿಲ್ಲ. ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಫಿಕ್ಸಿಂಗ್ ಪ್ರಕರಣದಲ್ಲಿ ನಮ್ಮ ಹೈಕೋರ್ಟೂ 2022ರಲ್ಲಿ ಅದನ್ನೇ ಹೇಳಿತು. ಇದು ವಂಚನೆ ಕೇಸ್ ಆಗುವುದಿಲ್ಲ, ಕ್ರಮದ ಅಧಿಕಾರ ಬಿಸಿಸಿಐಗಿದೆ ಎಂದಿತು.

ಅಂದರೆ ಬೆಟ್ಟಿಂಗ್ ದುಡ್ಡಿನ ವಿಷಯವಾದರೆ ಕೋರ್ಟಿಗೆ ಕಾಯುವುದಿಲ್ಲ. ಹೆಣ್ಣಿನ ದೂರಾದರೆ ಮಾತ್ರ ಕಾಯಬೇಕು! 2018ರಲ್ಲಿ ಕ್ರಿಕೆಟಿಗ ಶಮಿ ಅವರ ಪತ್ನಿ ಹಿಂಸೆಯ ದೂರು ಕೊಟ್ಟಾಗಲೂ ಮಂಡಳಿಯವರು ತನಿಖೆ ಮಾಡಿಸಿದ್ದು ಫಿಕ್ಸಿಂಗ್ ಬಗ್ಗೆ. ಅದರಲ್ಲಿ ಏನೂ ಸಿಗಲಿಲ್ಲ, ತಡೆಹಿಡಿದಿದ್ದ ಆಟಗಾರರ ಗುತ್ತಿಗೆ ಕೊಟ್ಟರು. ಹಿಂಸೆಯ ಆರೋಪ ನಿಜವೋ ಸುಳ್ಳೋ, ಅದು ಪೊಲೀಸರ ತಲೆನೋವು ಎನ್ನುವ ಹಾಗೆ.

ಅಮೆರಿಕದವರೂ ಸಾಚಾಗಳೇನಲ್ಲ. 2014ರಲ್ಲಿ ಫುಟ್‌ಬಾಲ್ (ಅಮೆರಿಕನ್ ಮಾದರಿಯದು) ಆಟಗಾರ ರೇ ರೈಸ್‌ಗೆ ಮೊದಲು ಕೊಟ್ಟದ್ದು ಬರೀ 2 ಪಂದ್ಯದ ಶಿಕ್ಷೆ. ಲಿಫ್ಟಿನೊಳಗೆ ಭಾವಿ ಪತ್ನಿಗೆ ಹೊಡೆದ ವಿಡಿಯೊ ಊರೆಲ್ಲ ನೋಡಿದ ಮೇಲೆ ಎಚ್ಚರವಾಯಿತು. ಆದರೆ ಮರುವರ್ಷವೇ ಅಲ್ಲಿನ ಬೇಸ್‌ಬಾಲ್ ಲೀಗ್ ನಿಯಮ ಬರೆದುಕೊಂಡಿತು. ತನಿಖೆ ನಡೆಯುವಾಗ ಸಂಬಳ ಕೊಟ್ಟೇ ಹೊರಗೆ ಕೂರಿಸಬಹುದು, ಕೋರ್ಟಿನಲ್ಲಿ ಶಿಕ್ಷೆಯಾಗದಿದ್ದರೂ ಲೀಗ್ ಕ್ರಮ ಕೈಗೊಳ್ಳಬಹುದು. ಇದನ್ನು ಇಲ್ಲಿ ಬರೆಯಲು ಏನು ಕಷ್ಟ?

ನಮ್ಮವರಿಗೆ ಹೊಣೆ ಎಂದರೆ ಆಗುವುದಿಲ್ಲ. 2025ರ ಜೂನ್‌ನಲ್ಲಿ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತಾಗಲೂ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿದರು. ಮೈದಾನದ ರಸ್ತೆಯ ಬ್ಯಾರಿಕೇಡ್ ಇನ್ನೂ ಬಿದ್ದಿದೆ, ಕೇಳಿದರೆ ಪೊಲೀಸರು ಪಾಲಿಕೆಯನ್ನು ಕೇಳಿ ಎನ್ನುತ್ತಾರೆ.

ಆ ಆಟಗಾರನನ್ನು ಕೂಡಲೇ ಹೊರಗೆ ಕೂರಿಸಲಿ. ಇಲ್ಲವೇ ಶಿಸ್ತು ಸಮಿತಿಯನ್ನೇ ಮುಚ್ಚಲಿ, ಸುಮ್ನೆ ಯಾಕೆ ಹೆಸರಿಗೊಂದು ಸಮಿತಿ? ರಸ್ತೆಯನ್ನೂ ಬಿಡಿಸಿಕೊಡಲಿ. ಟಿಕೆಟ್ ದುಡ್ಡು ಎಣಿಸಲು ಪುರುಸೊತ್ತಿದೆ, ಒಂದು ಸಭೆ ಕರೆಯಲು ಇಲ್ಲವೇ ಇವರಿಗೆ?

– ನೊಂದ ಕ್ರಿಕೆಟ್ ಅಭಿಮಾನಿ