ಐದು ಭಾನುವಾರ, ಐದು ಆಲ್ಬಮ್, ಒಬ್ಬ ಸೌಂಡ್ ಅಣ್ಣ

ಮ್ಯಾಸಿವ್ ಅಟ್ಯಾಕ್ ಸಂಗೀತ ತಂಡದ ಐದೂ ಸ್ಟುಡಿಯೋ ಆಲ್ಬಮ್‌ಗಳನ್ನು ವಾರಕ್ಕೊಂದರಂತೆ ಒಟ್ಟಿಗೆ ಕೂತು ಕೇಳುವ ನಮ್ಮ ಸರಣಿ ಮೊನ್ನೆ ಭಾನುವಾರ ‘ಹೆಲಿಗೋಲ್ಯಾಂಡ್’ (2010) ಜೊತೆ ಮುಗಿಯಿತು. ಹಾಲ್ ಬಿಟ್ಟುಕೊಟ್ಟವರು, ಜಮಖಾನ ಹಾಸಿದವರು, ಚಹಾ ಕಾಸಿದವರು, ಕೊನೆಯವರೆಗೂ ಕೂತವರು ಎಲ್ಲರಿಗೂ ವಂದನೆ.

ಉಳಿದದ್ದೆಲ್ಲ ಸೌಂಡ್ ಅಣ್ಣನಿಗೆ. ಹೆಸರು ಹಾಕಬೇಡಿ ಅಂದಿದ್ದೀರಿ ಅಣ್ಣ, ಹಾಕುವುದಿಲ್ಲ. ಆದರೆ ಇಂಗ್ಲೆಂಡಿನ ಬ್ರಿಸ್ಟಲ್‌ನ ಈ ತಂಡವೇ ವೈಲ್ಡ್ ಬಂಚ್ ಎಂಬ ಸೌಂಡ್ ಸಿಸ್ಟಮ್ ಬಳಗದಿಂದ ಹುಟ್ಟಿದ್ದು. ಪೆಟ್ಟಿಗೆ ಹೊತ್ತು, ವೈರು ಎಳೆದು, ರೆಕಾರ್ಡ್ ಹಾಕುತ್ತಿದ್ದವರೇ 1991ರಲ್ಲಿ ‘ಬ್ಲೂ ಲೈನ್ಸ್’ ಕೊಟ್ಟರು. ಹಾಗಾಗಿ ಮೊದಲ ನಮಸ್ಕಾರ ಸೌಂಡ್‌ನವರಿಗೇ ಸಲ್ಲಬೇಕು.

‘ಮೆಝನೀನ್’ (1998) ಹಿಂದಿನ ರಾತ್ರಿ ಏನಾಯಿತೆಂದು ಬಳಗಕ್ಕೆ ಗೊತ್ತು. ಬೆಳಗಿನ ಜಾವದವರೆಗೆ ಕೂತು ನೀವು ಸರಿಪಡಿಸಿದ್ದನ್ನಷ್ಟೇ ಬರೆದಿಡುತ್ತೇವೆ. ಇಂಥ ಕೂಟ ನಡೆಸುವ ಬೇರೆಯವರಿಗೂ ಬೇಕಾಗುತ್ತದೆ.

ಮೊದಲನೆಯದು, ಹಾಡುವವರ ದನಿಯೇ ಮಾಯವಾದದ್ದು. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಸ್ಟೀರಿಯೋ ಕೇಬಲ್ಲನ್ನು ಮಿಕ್ಸರ್‌ನ ಒಂದೇ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಚುಚ್ಚಿದ್ದೆವು. ಆ ಇನ್‌ಪುಟ್ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಎತ್ತಿಕೊಳ್ಳುತ್ತದೆ. ಎಡಕ್ಕೂ ಬಲಕ್ಕೂ ಸಮನಾಗಿರುವ ಕೊರಳು, ಬೇಸ್ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಎರಡು ಮೊನೊ ಜಾಕ್‌ಗಳಾಗಿ ಕವಲೊಡೆಯುವ ಕೇಬಲ್ ಹಾಕಿ ಎರಡು ಚಾನೆಲ್‌ಗೆ ಕೊಟ್ಟಿರಿ, ದನಿ ಬಂತು.

ಎರಡನೆಯದು ಗುಂಯ್ ಸದ್ದು. ಲ್ಯಾಪ್‌ಟಾಪ್ ಒಂದು ಗೋಡೆಯ ಪ್ಲಗ್‌ನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಗೋಡೆಯದರಲ್ಲಿ. ಎರಡು ಕಡೆಯ ಅರ್ತ್ ಸೇರಿ ಸುತ್ತು ಬಿದ್ದರೆ ನಮ್ಮ 50 ಹರ್ಟ್ಸ್ ಕರೆಂಟೇ ಸ್ಪೀಕರಿನಲ್ಲಿ ಕೇಳಿಸುತ್ತದೆ. ಆಲ್ಬಮ್‌ನ ಮೊದಲ ಹಾಡು ‘ಏಂಜೆಲ್’ ಶುರುವಾಗುವುದೇ ತೀರ ಮೆಲ್ಲಗಿನ ಬೇಸ್‌ನಿಂದ. ಆ ಗುಂಯ್‌ಗುಟ್ಟುವಿಕೆ ಅದನ್ನು ನುಂಗಿಬಿಡುತ್ತಿತ್ತು. ಪ್ಲಗ್ಗಿನ ಅರ್ತ್ ಪಿನ್ ಕಿತ್ತುಬಿಡೋಣ ಎಂದು ಯಾರೋ ಅಂದಾಗ ನೀವು ಗದರಿದ್ದು ಸರಿಯೇ ಅಣ್ಣ, ಅದು ಜೀವ ತೆಗೆಯುವ ಕೆಲಸ. ಎಲ್ಲವನ್ನೂ ಒಂದೇ ಬೋರ್ಡಿಗೆ ತಂದು, ನಡುವೆ ಡಿಐ ಬಾಕ್ಸ್ (ಲ್ಯಾಪ್‌ಟಾಪಿನ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸಿ ಕೊಡುವ ಪುಟ್ಟ ಪೆಟ್ಟಿಗೆ) ಇಟ್ಟು, ಆಡಿಯೋ ಕೇಬಲ್ಲಿನ ಅರ್ತ್ ಸಂಪರ್ಕವನ್ನಷ್ಟೇ ಕಡಿಯುವ ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದಿರಿ.

ಕೊನೆಗೆ ಸಬ್‌ವೂಫರ್, ಅಂದರೆ ಬೇಸ್‌ಗೆಂದೇ ಇರುವ ಸ್ಪೀಕರ್. ಮೂಲೆಯಲ್ಲಿಟ್ಟರೆ ಕೆಲವು ಸ್ವರ ಗುಡುಗುತ್ತವೆ, ಕೆಲವು ಕೇಳುವುದೇ ಇಲ್ಲ. ನೀವು ಅದನ್ನು ಕೇಳುಗರ ಕುರ್ಚಿಯ ಮೇಲಿಟ್ಟು, ಬೇಸ್ ಹಚ್ಚಿ, ಗೋಡೆಯುದ್ದಕ್ಕೂ ಮಂಡಿಯೂರಿ ತೆವಳಿ, ಎಲ್ಲ ಸ್ವರವೂ ಸಮನಾಗಿ ಕೇಳಿದ ಜಾಗಕ್ಕೆ ಚಾಕ್‌ನಲ್ಲಿ ಗುರುತು ಹಾಕಿದಿರಿ, ಸಬ್‌ವೂಫರ್ ಇಡಬೇಕಾದದ್ದು ಅಲ್ಲೇ. ರಾತ್ರಿ ಎರಡೂವರೆಗೆ.

ಮರುದಿನ ಅದೇ ಆಲ್ಬಮ್‌ನ ‘ಟಿಯರ್‌ಡ್ರಾಪ್’. ಅದರ ರೆಕಾರ್ಡಿಂಗ್ ಹೊತ್ತಲ್ಲೇ ಅದನ್ನು ಹಾಡಿದ ಎಲಿಜಬೆತ್ ಫ್ರೇಜರ್‌ಗೆ, ತಮಗೆ ಆಪ್ತರಾಗಿದ್ದ ಗಾಯಕ ಜೆಫ್ ಬಕ್ಲಿ ನೀರುಪಾಲಾದ ಸುದ್ದಿ ಮುಟ್ಟಿತ್ತು. ಅಷ್ಟು ಹೇಳಿ ಹಾಡು ಹಾಕಿದೆವು. ಮುಗಿದ ಮೇಲೆ ಮೈಕ್ ಹಿಡಿಯುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಈ ವರ್ಷ ಯಾರನ್ನು ಕಳೆದುಕೊಂಡೆವೆಂದು ಬಂದವರಿಗೆಲ್ಲ ಗೊತ್ತಿತ್ತು. ನೀವು ಮುಂದಿನ ಹಾಡು ಹಾಕಲಿಲ್ಲ. ದನಿ ಏರಿಳಿಸುವ ಫೇಡರ್ ಮೇಲೆ ಬೆರಳಿಟ್ಟು ಸುಮ್ಮನೆ ಕಾದಿರಿ. ಅದಕ್ಕೆ ಹೇಗೆ ಧನ್ಯವಾದ ಹೇಳುವುದೋ ತಿಳಿಯದು.

ಆ ಆಲ್ಬಮ್ ತಂಡವನ್ನೂ ಮುರಿಯಿತು. ಸದಸ್ಯ ಮಶ್ರೂಮ್ 1999ರಲ್ಲಿ ಹೊರನಡೆದರು. 2003ರ ‘ಹಂಡ್ರೆಡ್ತ್ ವಿಂಡೋ’ ಹೊತ್ತಿಗೆ ಡ್ಯಾಡಿ ಜಿ ಕೂಡ ದೂರವಿದ್ದರು, ಮೂಲ ಮೂವರಲ್ಲಿ ಉಳಿದದ್ದು ತ್ರೀಡಿ ಒಬ್ಬರೇ. ಆದರೂ ಜಮೈಕಾದ ಹೊರೇಸ್ ಆಂಡಿಯ ಕೊರಳು ಐದಕ್ಕೈದೂ ಆಲ್ಬಮ್‌ಗಳಲ್ಲಿದೆ. ಐದಕ್ಕೈದೂ ಭಾನುವಾರ ನೀವಿದ್ದಿರಿ.

ಡಿಐ ಬಾಕ್ಸ್ ಬುಧವಾರ ತಂದುಕೊಡುತ್ತೇವೆ. ಕೇಬಲ್‌ಗಳನ್ನು ನೀವು ಕಲಿಸಿದ ಹಾಗೇ ಸುತ್ತಿಟ್ಟಿದ್ದೇವೆ: ಒಂದು ಸುತ್ತು ಮೇಲಿಂದ, ಒಂದು ಸುತ್ತು ಒಳಗಿಂದ.