ಒಂದೇ ನಂಬರಿನ ಎರಡು ಬಂಗಡೆ

ಗ್ರಾಹಕ ದೂರು ವಿಭಾಗದ ಮುಖ್ಯಸ್ಥರಿಗೆ,

ವಿಷಯ: 17/50 ನಂಬರಿನ ಲಿಮಿಟೆಡ್ ಎಡಿಷನ್ ಬಂಗಡೆ ಪ್ರಿಂಟ್, ಹಣ ವಾಪಸಾತಿ

ಮಾನ್ಯರೇ,

ಫೋನಿನಲ್ಲಿ ಮರ್ಯಾದೆಯಿಂದ ಕೇಳಿ ಕೇಳಿ ಸಾಕಾಯಿತು. ಇನ್ನು ಏನಿದ್ದರೂ ಬರವಣಿಗೆಯಲ್ಲೇ.

ಚಿತ್ರದ ಬಗ್ಗೆ ನನ್ನ ತಕರಾರಿಲ್ಲ. ದೂರದಿಂದ ನೋಡಿದರೆ ಒಂದು ದೊಡ್ಡ ಬಂಗಡೆ ಮೀನು. ಹತ್ತಿರ ಹೋದರೆ ಬರೀ ಮೀನಿನ ಹೆಸರುಗಳು. ಬೆನ್ನಿನ ಕಪ್ಪು ಗೆರೆಗಳಲ್ಲಿ ತಾರ್ಲೆ, ಇಸ್ವಾಣ. ಹೊಟ್ಟೆಯ ಕಡೆ ಸಿಗಡಿ, ಪಾಪ್ಲೆಟ್. ‘ಬಂಗಡೆ’ಯ ಸೊನ್ನೆಯೇ ಕಣ್ಣು. ಕಾರವಾರದವನಿಗೆ ಗೋಡೆ ಮೇಲೆ ಇನ್ನೇನು ಬೇಕು? ಕಲಾವಿದರು ಚೆಂದ ಮಾಡಿದ್ದಾರೆ. ಕೆಡಿಸಿದ್ದು ನೀವು.

ಐವತ್ತೇ ಪ್ರತಿ, ಪ್ರತಿಯೊಂದಕ್ಕೂ ಕಲಾವಿದರೇ ಪೆನ್ಸಿಲ್‌ನಲ್ಲಿ ನಂಬರ್ ಬರೆದು ಸಹಿ ಹಾಕಿದ್ದಾರೆ ಅಂತ ನಿಮ್ಮದೇ ಪ್ರಮಾಣಪತ್ರ ಹೇಳುತ್ತದೆ. 7,500 ರೂಪಾಯಿ ಅದಕ್ಕೇ ಅಲ್ವಾ? ನನ್ನದು 17/50, ಅಂದರೆ ಐವತ್ತರಲ್ಲಿ ಹದಿನೇಳನೆಯದು. ಕುಮಟಾದ ಗೆಳೆಯನ ಮನೆಯಲ್ಲಿರುವುದೂ 17/50. ಭೂತಗನ್ನಡಿ ಹಿಡಿದರೆ ಎರಡರ ನಂಬರಿನಲ್ಲೂ ನೀಲಿ, ಗುಲಾಬಿ ಚುಕ್ಕೆಗಳು, ಅಂದರೆ ಮೆಷಿನ್ ಪ್ರಿಂಟು. ಪೆನ್ಸಿಲ್ ಗೆರೆಯಾದರೆ ಬೆಳಕಿಗೆ ಓರೆಯಾಗಿ ಹಿಡಿದಾಗ ಹೊಳೆಯುತ್ತದೆ. ಪ್ರಿಂಟ್ ಮಾರುವವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಈಗ ಭಾನುವಾರದ ವಿಡಿಯೋ ಕಾಲ್‌ಗೆ ಬರೋಣ. ಮನೆ ತುಂಬ ನೆಂಟರು. ನಿಮ್ಮವರು ಕರೆ ಮಾಡಿದ್ದೂ ಸರಿಯಾಗಿ ಊಟದ ಹೊತ್ತಿಗೆ.

‘ಸರ್, ಅದು ಪೆನ್ಸಿಲ್ಲೇ.’

‘ಅಲ್ಲ ಮೇಡಂ, ನಂಬರ್ ಪ್ರಿಂಟ್ ಆಗಿದೆ.’

‘ಹಾಗಾದ್ರೆ ರಬ್ಬರ್ ತಗೊಂಡು ಉಜ್ಜಿ ನೋಡಿ ಸರ್.’

ಬೇಡ ಎಂದೆ. ಉಜ್ಜದಿದ್ದರೆ ದೂರು ಕ್ಲೋಸ್ ಮಾಡುತ್ತೇವೆ ಎಂದರು. ನಾದಿನಿಯ ಮಗನ ಕಂಪಾಸ್ ಬಾಕ್ಸಿನಿಂದ ರಬ್ಬರ್ ಬಂತು. ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿದೆ. ‘ಇನ್ನೂ ಹತ್ತಿರ ಹಿಡೀರಿ ಸರ್. ಏಳರ ಮೇಲೆ ಉಜ್ಜಿ. ಸ್ವಲ್ಪ ಜೋರಾಗಿ ಸರ್.’ ಉಜ್ಜಿದೆ. ‘ಹರಿದೀತು ಮಾರಾಯಾ’ ಅಂತ ಹಿಂದಿನಿಂದ ಭಾವ. ಕಾಗದದ ಜುಂಗು ಎದ್ದಿತು, ಏಳು ಹಾಗೇ ಕೂತಿತ್ತು. ‘ನೋಡಿ, ಅಳಿಸಲಿಲ್ಲ’ ಎಂದೆ. ಆಚೆ ಕಡೆ ಯಾರನ್ನೋ ಕೇಳಿ ಬಂದರು.

‘ಸರ್, ಈಗ ನೀವೇ ಪ್ರಿಂಟ್ ಡ್ಯಾಮೇಜ್ ಮಾಡಿದ್ದೀರಿ. ಡ್ಯಾಮೇಜ್ ಆದದ್ದನ್ನು ವಾಪಸ್ ತಗೊಳ್ಳಲ್ಲ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?’

ಊಟಕ್ಕೆ ಕೂತವರೆಲ್ಲ ನಕ್ಕರು. ನನ್ನನ್ನು ನೋಡಿಯೇ ನಕ್ಕರು. ಇಂಥ ತರಬೇತಿ ಕೊಟ್ಟವರಿಗೆ ಒಂದು ಸನ್ಮಾನ ಇಟ್ಟುಕೊಳ್ಳಿ. ಶಾಲು ನಾನೇ ತರುತ್ತೇನೆ.

ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. 2020ರ ಇ-ಕಾಮರ್ಸ್ ನಿಯಮ ನಿಮಗೆ ಗೊತ್ತೇ ಇದೆ. ಎರಡೂ ಗಡುವು ದಾಟಿವೆ. ಮೊದಲು ಬರೀ ಹಣ ವಾಪಸ್ ಕೇಳಿದ್ದೆ. ಈಗ ಅಷ್ಟಕ್ಕೇ ಬಿಡುವುದಿಲ್ಲ. ಯಾವ ನಂಬರ್ ಯಾರಿಗೆ ಮಾರಿದ್ದೀರಿ ಎಂಬ ಪಟ್ಟಿಯೂ ಬೇಕು. ಈ ಪತ್ರದ ಪ್ರತಿ ಕಲಾವಿದರಿಗೂ ಹೋಗುತ್ತದೆ. ತಮ್ಮ ಸಹಿಯನ್ನು ಮೆಷಿನ್ ಹಾಕುತ್ತಿದೆ ಎಂದು ಅವರಿಗಾದರೂ ಗೊತ್ತೋ ಇಲ್ಲವೋ.

2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಊರಲ್ಲೇ ಕೇಸು ಹಾಕಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಜಿಲ್ಲಾ ಗ್ರಾಹಕರ ಆಯೋಗ ಇರುವುದು ಕಾರವಾರದಲ್ಲೇ, ನಾನು ನಡೆದೇ ಹೋಗುತ್ತೇನೆ. ನಿಮ್ಮ ವಕೀಲರಿಗೆ ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಟಿಕೆಟ್ ಈಗಲೇ ಮಾಡಿಸಿಡಿ, ಹಬ್ಬದ ಹೊತ್ತಿಗೆ ಸಿಗುವುದಿಲ್ಲ. ಅಂದ ಹಾಗೆ, ಆ ಕಾಲ್ ಪೂರ್ತಿ ಭಾವನ ಫೋನಿನಲ್ಲಿ ರೆಕಾರ್ಡ್ ಆಗಿದೆ.

ಇಂತಿ,
17/50ರ ಇಬ್ಬರು ಮಾಲೀಕರಲ್ಲಿ ಒಬ್ಬ
ಕಾರವಾರ