ಪುಟ್ಟಿ ನಮ್ಮೂರ ಸಾಲಿಯೊಳಗೇ ಇರಲಿ

ಟೊರಾಂಟೊ

ಅಣ್ಣಗ, ವೈನಿಗ ನಮಸ್ಕಾರ.

ತೊಗರಿ ರಾಶಿ ಮುಗೀತು ಅಂತ ಕೇಳಿ ಸಮಾಧಾನ ಆಯ್ತು. ಪುಟ್ಟೀನ್ನ ಹತ್ತನೇ ಕ್ಲಾಸಿಗೆ ಕಲಬುರಗಿಯ ಇಂಗ್ಲಿಷ್ ಮಾಧ್ಯಮದ ಸಾಲಿಗೆ ಹಾಕಬೇಕೇನು ಅಂತ ಕೇಳಿದ್ರಿ. ಬ್ಯಾಡ. ಹತ್ತನೇದು ನಮ್ಮೂರ ಹೈಸ್ಕೂಲಿನ್ಯಾಗೇ ಮುಗಿಸಲಿ. ಫೋನಿನ್ಯಾಗ ಪೂರಾ ಹೇಳೋದು ಆಗಲಿಲ್ಲ, ಅದಕ್ಕ ಬರೀಲಿಕತ್ತೀನಿ.

ಮೊದಲು ಕಾಗದದ ಮಾತು. ಸಿಇಟಿ ಸೀಟು ಹಂಚುವಾಗ ಗ್ರಾಮೀಣ ಮಕ್ಕಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಅದ. ರಾಜ್ಯ ಸರ್ಕಾರದ ನೌಕರಿಯೊಳಗ ಗ್ರಾಮೀಣ ಮೀಸಲು ಶೇ 25. ಆದ್ರ ಒಂದರಿಂದ ಹತ್ತರ ತನಕ ಹತ್ತೂ ವರ್ಷ, ಗ್ರಾಮೀಣದ್ದಕ್ಕ ಹಳ್ಳಿ ಸಾಲಿಯೊಳಗ, ಕನ್ನಡ ಮಾಧ್ಯಮದ್ದಕ್ಕ ಕನ್ನಡದಾಗ ಓದಿರಬೇಕು. ಒಂಬತ್ತು ವರ್ಷ ಓದಿ ಹತ್ತನೇದಕ್ಕ ಪಟ್ಟಣದ ಇಂಗ್ಲಿಷ್ ಸಾಲಿಗೆ ಹೋದ್ರ ಎರಡೂ ಕೈಬಿಟ್ಟು ಹೋಗ್ತಾವ, ಹೊಳ್ಳಿ ಸಿಗೋದಿಲ್ಲ. ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕ ಮುಖ್ಯೋಪಾಧ್ಯಾಯರ ಸಹಿ, ಅದರ ಮ್ಯಾಲ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಪ್ರಾಥಮಿಕ ಸಾಲಿ ಬ್ಯಾರೆ, ಹೈಸ್ಕೂಲು ಬ್ಯಾರೆ ಇದ್ರ ಎರಡೂ ಕಡೆಯಿಂದ ಬರೆಸಬೇಕು. ಟಿಸಿ ತಗೊಳ್ಳೋ ದಿನಾನೇ ಇದನ್ನೂ ಕೇಳ್ರಿ. ಎರಡು ವರ್ಷ ಬಿಟ್ಟು ಸಿಇಟಿ ಹೊತ್ತಿಗೆ ಓಡಾಡಿದ್ರ ಮುಖ್ಯೋಪಾಧ್ಯಾಯರು ವರ್ಗ ಆಗಿರ್ತಾರ, ಹಳೇ ದಾಖಲಾತಿ ರಜಿಸ್ಟರ್ ಹುಡುಕೋವ್ರೇ ಇರೋದಿಲ್ಲ.

ನಮ್ಮ ಕಲ್ಯಾಣ ಕರ್ನಾಟಕಕ್ಕ ಸಂವಿಧಾನ ಕೊಟ್ಟ ವಿಶೇಷ ಮೀಸಲು, 371(ಜೆ) ಮಾತು ಬ್ಯಾರೆ. ಅದು ಪ್ರದೇಶಕ್ಕ ಸೇರಿದ್ದು, ಸಾಲಿಗಲ್ಲ. ನಮ್ಮ ಭಾಗದ ಕಾಲೇಜುಗಳೊಳಗ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು. ಅರ್ಹತಾ ಪ್ರಮಾಣಪತ್ರ ಕೊಡೋವ್ರು ಸಹಾಯಕ ಆಯುಕ್ತರು. ಅದನ್ನೂ ರಜೆಯೊಳಗೇ ಮಾಡಿಸಿ ಇಡ್ರಿ.

ಕಾಗದಕ್ಕಿಂತ ದೊಡ್ಡ ಕಾರಣ ಸಾಲಿಯೊಳಗೇ ಅದ. ಕ್ಲಾಸಿಗೆ ಇಪ್ಪತ್ತೈದು ಮೂವತ್ತು ಮಕ್ಕಳಿದ್ದಲ್ಲಿ ಯಾರಿಗೂ ಅಡಗಿ ಕೂಡಲಿಕ್ಕೆ ಜಾಗ ಇರೋದಿಲ್ಲ. ಬೋರ್ಡಿನ ಮುಂದ ಎಲ್ಲಾರೂ ನಿಲ್ಲಬೇಕು. ಖೋಖೋಕ್ಕ ಅಂಗಳದಾಗ ಒಂಬತ್ತು ಮಂದಿ ಬೇಕು. ಹತ್ತು ಹನ್ನೆರಡು ಹುಡುಗೇರಿದ್ದ ಕ್ಲಾಸಿನ್ಯಾಗ ಓಡಲಿಕ್ಕೆ ಬರೋದಿಲ್ಲ ಅನ್ನೋವ್ಳೂ ತಾಲ್ಲೂಕು ಕ್ರೀಡಾಕೂಟಕ್ಕ ಹೋಗ್ತಾಳ. ಪ್ರತಿಭಾ ಕಾರಂಜಿಗೆ ಭಾಷಣ, ಹಾಡು, ರಂಗೋಲಿ ಎಲ್ಲಾದಕ್ಕೂ ಅದೇ ನಾಕು ಮಕ್ಕಳು. ಬರದಿದ್ದ ಕೆಲಸಕ್ಕ ಕೈ ಹಾಕೋ ಧೈರ್ಯ ಹಿಂಗ ಬರ್ತದ, ಇಲ್ಲಿ ಆಫೀಸಿನ್ಯಾಗ ಅದಕ್ಕ ಭಾಳ ಬೆಲೆ ಅದ. ಸೇಡಂ ಕಡೆ ತೆಲುಗು, ಆಳಂದ ಕಡೆ ಮರಾಠಿ, ಸಂತ್ಯಾಗ ಉರ್ದು ಕೇಳಿ ಬೆಳೆದ ಮಕ್ಕಳ ಕಿವಿ ಹೊಸ ಭಾಷಾಕ್ಕ ಅಂಜೋದಿಲ್ಲ. ಇದೂ ಪಟ್ಟಣದ ಫೀಜಿಗೆ ಸಿಗೋ ಮಾಲಲ್ಲ.

ಕೊರತಿ ಇಲ್ಲಂತ ಹೇಳೋದಿಲ್ಲ. ಸಣ್ಣ ಸಾಲಿಯೊಳಗ ಒಂದು ವಿಷಯಕ್ಕ ಒಬ್ಬರೇ ಮಾಸ್ತರು. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮಾಸ್ತರ ಹುದ್ದೆ ಖಾಲಿ ಬಿತ್ತಂದ್ರ ಅತಿಥಿ ಶಿಕ್ಷಕರು ಬರೋ ತನಕ ಗಣಿತ ನಿಂತೇ ಹೋಗ್ತದ. ಅದರ ಪೆಟ್ಟು ಗೊತ್ತಾಗೋದು ಪಿಯುಸಿಯೊಳಗ. ಕಲನಶಾಸ್ತ್ರ (ಕ್ಯಾಲ್ಕುಲಸ್) ಕಠಿಣ ಅಂತ ಮಕ್ಕಳು ಅಳ್ತಾರ, ಖರೆ ನೋಡಿದ್ರ ತಪ್ಪೋದು ಕೆಳಗಿನ ಕ್ಲಾಸಿನ ಭಿನ್ನರಾಶಿ, ಅಪವರ್ತನ. ಪುಟ್ಟಿಗೆ ಟ್ಯೂಷನ್ ಹಚ್ಚೋ ಮೊದಲು ಎಂಟು, ಒಂಬತ್ತರ ಬೀಜಗಣಿತದ ಅಭ್ಯಾಸದ ಲೆಕ್ಕ ಪೂರಾ ಒಮ್ಮೆ ಮಾಡಿಸ್ರಿ, ದಿನಾ ಹತ್ತು ಲೆಕ್ಕ ಸಾಕು.

ಎರಡನೇ ಕೊರತಿ ಪದಗಳದ್ದು. ಪಿಯು ವಿಜ್ಞಾನ ಇಂಗ್ಲಿಷಿನ್ಯಾಗ. ವಿಷಯ ಅಕಿಗೆ ತಿಳಿದಿರ್ತದ, ಹೆಸರು ತಿಳಿಯೋದಿಲ್ಲ. ಹತ್ತನೇ ಪರೀಕ್ಷೆ ಮುಗಿದು ಕಾಲೇಜು ಸುರು ಆಗೋದ್ರೊಳಗ ಸಿಗೋ ವಾರಗಳನ್ನ ಇದಕ್ಕೇ ಇಡ್ರಿ. ಇನ್ನೂರು ಹಾಳಿ ಉದ್ದನ್ನ ನೋಟ್‌ಬುಕ್ಕು, ಪುಟಕ್ಕ ಮೂರು ಕಾಲಂ: ಕನ್ನಡ ಪದ, ಇಂಗ್ಲಿಷ್ ಪದ, ಚಿಹ್ನೆ ಮತ್ತು ಏಕಮಾನ. ದಿನಕ್ಕ ಹತ್ತು ಪದ, ಐವತ್ತು ದಿನಕ್ಕ ಐನೂರು. ಕನ್ನಡ ಮಾಧ್ಯಮ, ಇಂಗ್ಲಿಷ್ ಮಾಧ್ಯಮ ಎರಡರ ಪಾಠಗಳೂ ಅವೇ. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನ್ಯಾಗ ಪಿಡಿಎಫ್ ಪುಕ್ಕಟೆ ಸಿಗ್ತಾವ. ಎರಡೂ ಎದುರು ಇಟ್ಕೊಂಡು ಒಂದು ಪ್ಯಾರಾ ಕನ್ನಡದಾಗ, ಅದನ್ನೇ ಇಂಗ್ಲಿಷಿನ್ಯಾಗ ಓದಬೇಕು. ಬರೇ ಪದ ಬಾಯಿಪಾಠ ಮಾಡಿದ್ರ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಅರ್ಥ ಆಗೋದಿಲ್ಲ.

ಜೋಡಿ ಪದದಾಗ ಎಡವೋದು ಹೆಚ್ಚು. ಜವ ಅಂದ್ರ ಸ್ಪೀಡ್, ವೇಗ ಅಂದ್ರ ವೆಲಾಸಿಟಿ. ಊರಾಗ ಎರಡಕ್ಕೂ ವೇಗ ಅಂತೀವಿ. ಶಕ್ತಿ ಎನರ್ಜಿ, ಜೌಲ್‌ನ್ಯಾಗ. ಸಾಮರ್ಥ್ಯ ಪವರ್, ವ್ಯಾಟ್‌ನ್ಯಾಗ. ರಾಶಿ ಅಂದ್ರ ಕಣದಾಗಿನ ತೊಗರಿ ರಾಶಿ ಅಲ್ಲ, ಮಾಸ್. ತೂಕ ಅಂದ್ರ ವೇಟ್, ಅದರ ಏಕಮಾನ ನ್ಯೂಟನ್. ಕಡೀ ಪುಟದಾಗ ಪ್ರಶ್ನೆಯ ಪದ ಬರೀಲಿ: ಡಿಫೈನ್, ಸ್ಟೇಟ್, ಡಿರೈವ್, ಡಿಸ್ಟಿಂಗ್ವಿಶ್, ಜಸ್ಟಿಫೈ. ಉತ್ತರ ಬರ್ತಿದ್ರೂ ಡಿರೈವ್ ಅಂದಲ್ಲಿ ವ್ಯಾಖ್ಯೆ ಬರೆದು ಅಂಕ ಕಳಕೊಳ್ಳೋ ಮಕ್ಕಳು ಭಾಳ.

ಮೂರನೇ ಕೊರತಿ ಎಲ್ಲಾದಕ್ಕಿಂತ ದೀರ್ಘ ಉಳಿಯೋದು, ಎದ್ದು ಕೇಳೋ ರೂಢಿ ಇಲ್ಲದ್ದು. ಸಣ್ಣ ಸಾಲಿಯೊಳಗ ಮುಖ ನೋಡಿದ ಕೂಡ್ಲೇ ಮಾಸ್ತರಿಗೆ ತಿಳೀತದ, ಈ ಹುಡುಗಿಗೆ ತಿಳಿದಿಲ್ಲಂತ. ಕೇಳೋ ಪ್ರಸಂಗಾನೇ ಬರೋದಿಲ್ಲ. ನೂರು ಮಂದಿ ಕಾಲೇಜಿನ್ಯಾಗ ಅದೇ ಹುಡುಗಿ ಯಾರರ ತಾವಾಗೇ ಕೇಳ್ತಾರಂತ ಕಾಯ್ಕೋತ ಕೂಡ್ತಾಳ. ಈ ರೂಢಿ ವಿದೇಶದ ನೌಕರಿ ತನಕ ಬೆನ್ನಹತ್ತಿ ಬರ್ತದ. ಇಲ್ಲಿ ಮೀಟಿಂಗಿನ್ಯಾಗ ಸುಮ್ಮನ ಕೂತವ್ರಿಗೆ ಏನೂ ಗೊತ್ತಿಲ್ಲ ಅಂತಲೇ ತಿಳೀತಾರ. ಈಗಿಂದ್ಲೇ ದಿನಕ್ಕೊಂದು ಪ್ರಶ್ನೆ ಬರಕೊಂಡು ಹೋಗಿ, ಎದ್ದು ನಿಂತು ಕೇಳಲಿ. ವೈನಿ, ಸಂಜಿಗೆ ‘ಇವತ್ತು ಏನು ಕೇಳ್ದಿ?’ ಅಂತ ನೀವು ವಿಚಾರಿಸ್ರಿ.

ಇನ್ನೊಂದು ಮರೀಬ್ಯಾಡ್ರಿ, ಹೆಸರು. ಪಾಸ್‌ಪೋರ್ಟಿಗೆ, ವೀಸಾಕ್ಕ ಹತ್ತನೇ ಅಂಕಪಟ್ಟಿಯ ಹೆಸರು, ಹುಟ್ಟಿದ ತಾರೀಖನ್ನ ತಾಳೆ ನೋಡ್ತಾರ. ಬರೇ ಇನಿಶಿಯಲ್ ಇದ್ರ ಇಲ್ಲಿನ ಫಾರಂನ್ಯಾಗ ಅಡ್ಡಹೆಸರಿನ ಜಾಗ ಖಾಲಿ ಉಳೀತದ. ಬೋರ್ಡಿಗೆ ಹೆಸರು ಕಳಿಸೋ ಮೊದಲೇ ಅಣ್ಣ ಸಾಲಿಗೆ ಹೋಗಿ ಸ್ಯಾಟ್ಸ್ (ಸರ್ಕಾರದ ಆನ್‌ಲೈನ್ ವಿದ್ಯಾರ್ಥಿ ದಾಖಲಾತಿ) ದಾಖಲೆ, ಆಧಾರ್ ಎರಡೂ ಎದುರಿಗಿಟ್ಟು ಒಂದೊಂದೇ ಅಕ್ಷರ ಹೊಂದಿಸಿ ನೋಡ್ಲಿ.

ಅವ್ವಗ ನಮಸ್ಕಾರ ತಿಳಿಸ್ರಿ. ಪುಟ್ಟಿ ನೋಟ್‌ಬುಕ್ಕಿನ ಮೊದಲ ಪುಟ ಬರೆದ ದಿನ ಫೋಟೊ ತೆಗೆದು ಕಳಿಸ್ರಿ, ಪದ ತಪ್ಪಿದ್ರ ಅವತ್ತೇ ತಿದ್ದಿ ಕಳಿಸ್ತೀನಿ.

ನಿಮ್ಮ ತಮ್ಮ